ದೃಷ್ಟಿಯಿಂದ ಸ್ಮೃತಿಗೆ: ಲೋಳೆಸರದ ಜೊತೆ ಮಾತುಕತೆ

(ಬೆಂಗಳೂರಿನ ಒಂದು ಅಪಾರ್ಟ್‌ಮೆಂಟು. ಬಾಗಿಲ ಮೇಲೆ ಕರಿದಾರದಲ್ಲಿ ತಲೆಕೆಳಗಾಗಿ ತೂಗುತ್ತಿರುವ ಲೋಳೆಸರ. ಲಿಫ್ಟ್ ಕೆಟ್ಟಿದ್ದರಿಂದ ಮಾತಿಗೆ ಸಿಕ್ಕಿತು.)

ಅಮ್ಮಾ, ಕಂಪ್ಯೂಟರಿಗೆ ಮೆಮೊರಿ ಆಗಿದ್ದೀರಂತೆ?

ನಾನಾಗಿ ಹೋದವಳಲ್ಲ ಕಣಪ್ಪ. ಮಲೇಷ್ಯಾದ ಪೆನಾಂಗ್‌ನ ವಿಶ್ವವಿದ್ಯಾಲಯದವರು 2015ರ ಹೊತ್ತಿಗೇ ನನ್ನ ಲೋಳೆಯನ್ನು ತೆಳ್ಳಗೆ ಬಳಿದು, ಒಣಗಿಸಿ, ಮೇಲೊಂದು ಕೆಳಗೊಂದು ಎಲೆಕ್ಟ್ರೋಡ್ ಇಟ್ಟು ಕರೆಂಟು ಕೊಟ್ಟರು.

ಆಮೇಲೆ?

ಒಂದು ಕಡೆಯಿಂದ ಕೊಟ್ಟಾಗ ಸಲೀಸಾಗಿ ದಾರಿ ಬಿಟ್ಟೆ. ತಿರುಗಿಸಿ ಕೊಟ್ಟಾಗ ಅಡ್ಡ ನಿಂತೆ. ಬಿಟ್ಟರೆ ಒಂದು, ತಡೆದರೆ ಸೊನ್ನೆ. ಕರೆಂಟು ತೆಗೆದ ಮೇಲೂ ಹಿಡಿದ ಪಟ್ಟು ಬಿಡಲಿಲ್ಲ. ಅದಕ್ಕೆ ಮೆಮೊರಿ ಅಂತ ಹೆಸರು. ನಮ್ಮತ್ತೆ ಇದ್ದಿದ್ದರೆ ಮೊಂಡುತನ ಅಂತಿದ್ದರು. ಹೀಗೆ ನೆನಪಿಟ್ಟುಕೊಳ್ಳುವ ಸಾಧನವೊಂದು ಇರಬೇಕು ಅಂತ ಲಿಯಾನ್ ಚುವಾ ಎಂಬ ವಿಜ್ಞಾನಿ 1971ರಲ್ಲೇ ಲೆಕ್ಕ ಹಾಕಿ, ಮೆಮ್ರಿಸ್ಟರ್ ಅಂತ ನಾಮಕರಣವನ್ನೂ ಮುಗಿಸಿದ್ದರು. ಎಚ್‌ಪಿ ಕಂಪನಿಯವರು 2008ರಲ್ಲಿ ಅದನ್ನು ಟೈಟಾನಿಯಂ ಡೈಆಕ್ಸೈಡಿನಲ್ಲಿ ಮಾಡಿ ತೋರಿಸಿದರು. ನನ್ನ ಸರದಿ ಅದಾದ ಮೇಲೆ.

ನೆನಪಿನ ಶಕ್ತಿಗೆ ಒಂದೆಲಗ ಅಂತಾರಲ್ಲ?

ಅವಳ ಹೆಸರೆತ್ತಬೇಡ. ಪರೀಕ್ಷೆ ಬಂತೆಂದರೆ ಮನೆಮನೆಯಲ್ಲೂ ಅವಳದೇ ತಂಬುಳಿ. ನನಗೆ ಸಿಕ್ಕಿದ್ದು ಶಾಂಪೂ ಬಾಟಲಿ ಮತ್ತು ಈ ಕರಿದಾರ.

ಇರಲಿ ಬಿಡಿ. 2022ರಲ್ಲಿ ಜಗತ್ತಿನಲ್ಲಿ 6.2 ಕೋಟಿ ಟನ್ ಇ-ತ್ಯಾಜ್ಯ ಬಿತ್ತು. ಸರಿಯಾಗಿ ಮರುಬಳಕೆಗೆ ಹೋದ ಲೆಕ್ಕ ಸಿಕ್ಕಿದ್ದು ಕಾಲುಭಾಗಕ್ಕೂ ಕಡಿಮೆ. ಮಣ್ಣಾಗಿ ಹೋಗುವ ನೀವು ಬಂದರೆ ಆ ಭಾರ ಇಳಿಯುತ್ತೆ, ಅಲ್ಲವೇ?

ಆ ಮೆಮೊರಿ ಸಾಧನದಲ್ಲಿ ನನ್ನದು ಒಂದೇ ಪದರ, ಅದೂ ಕಣ್ಣಿಗೆ ಕಾಣದಷ್ಟು ತೆಳು. ಮೇಲೆ ಲೋಹ, ಕೆಳಗೆ ಗಾಜು. ಮಾರಾಟಕ್ಕೆ ಬಂದರೆ ಸುತ್ತ ಪ್ಲಾಸ್ಟಿಕ್ಕು. ನಾನು ಮಣ್ಣಾಗ್ತೀನಿ, ಅವರು ಮಣ್ಣಿನಲ್ಲೇ ಉಳೀತಾರೆ. ಆದರೂ ನೋಡ್ತಿರು, ಡಬ್ಬದ ಮೇಲೆ ಹಸಿರು ಎಲೆ ಬರೆದು ನೂರು ರೂಪಾಯಿ ಜಾಸ್ತಿ ತಗೋತಾರೆ.

ಮತ್ತೆ ಅಂಗಡಿಗೆ ಯಾಕೆ ಇನ್ನೂ ಬಂದಿಲ್ಲ?

ಕಾರ್ಖಾನೆಗೆ ಕೋಟಿ ಚಿಪ್ಪೂ ಒಂದೇ ಥರ ಇರಬೇಕು. ನನ್ನ ಅಕ್ಕನ ಲೋಳೆ ನನ್ನದರ ಹಾಗಿಲ್ಲ. ಒಣಗಿಸುವ ಬಿಸಿ ಬದಲಾದರೂ ಸಾಕು, ನನ್ನ ಗುಣ ಬದಲಾಗುತ್ತೆ. ಗಾಳಿಯ ತೇವವೂ ನನಗೆ ಆಗಿಬರೋದಿಲ್ಲ. ಮಳೆಗಾಲದಲ್ಲಿ ಹಪ್ಪಳ ಒಣಗಿಸಿದವರನ್ನು ಕೇಳು.

ಹಾಗಾದರೆ ನಿಮ್ಮನ್ನು ನಂಬಿ ಏನಿಡಬಹುದು?

ಜಮೀನಿನ ಪಹಣಿ ಬೇಡ, ಬ್ಯಾಂಕಿನ ಲೆಕ್ಕ ಬೇಡ. ನಿನ್ನ ಫೋನಿಗೆ ದಿನಾ ಬೆಳಗ್ಗೆ ಹೂವಿನ ಚಿತ್ರದ ಜೊತೆ ಶುಭೋದಯ ಬರುತ್ತಲ್ಲ, ಅವನ್ನೆಲ್ಲ ಈ ಕಡೆ ಕಳಿಸು. ಅವಕ್ಕೆ ನಾನು ಸಾಕು.