ಸದರಿ ರೀಲಿಗೆ ನನ್ನ ತಕರಾರು

ಮಾನ್ಯ ವಕೀಲ ಸಾಹೇಬರ ಸನ್ನಿಧಿಗೆ,

ಕೆಳಗೆ ಸಹಿ ಮಾಡಿರುವ ನಿಮ್ಮ ಕಕ್ಷಿದಾರನಾದ ನಾನು, ಸ್ವಸ್ಥಚಿತ್ತದಿಂದ, ಯಾರ ಒತ್ತಾಯಕ್ಕೂ ಒಳಗಾಗದೆ ಮಾಡಿಕೊಳ್ಳುವ ಅರಿಕೆ ಏನೆಂದರೆ: ನಿಮ್ಮ ರೀಲುಗಳು ಬಹಳ ಚೆನ್ನಾಗಿವೆ. “ಅಕ್ಕಾ, ತವರಿನ ಆಸ್ತೀಲಿ ನಿಮಗೂ ಸಮಪಾಲು ಇದೆ, ಗೊತ್ತಾ?” ಎಂದು ನೀವು ಶುರು ಮಾಡಿದರೆ ಒಲೆ ಮೇಲಿನ ಹಾಲು ಉಕ್ಕಿದರೂ ಯಾರೂ ಏಳುವುದಿಲ್ಲ. ಎಷ್ಟು ತಿಳಿಯಾದ ಕನ್ನಡ! ಒಂದೇ ಒಂದು ‘ಸದರಿ’ ಇಲ್ಲ.

ನನಗೆ 2014ರಲ್ಲಿ ನೀವು ಬರೆದುಕೊಟ್ಟ ದಾವೆಯಲ್ಲಿ ಮೊದಲ ಪುಟದಲ್ಲೇ ಹದಿನಾಲ್ಕು ಇದ್ದವು. ಸದರಿ ಷೆಡ್ಯೂಲು ಸ್ವತ್ತಿನ ಸದರಿ ಚೆಕ್ಕುಬಂದಿಯೊಳಗೆ ಹೊರಟ ವಾಕ್ಯ ಎರಡನೇ ಪುಟದ ಕೊನೆಗೆ ಹೋಗಿ ಉಸಿರು ಬಿಟ್ಟಿತ್ತು. ಅದರಲ್ಲಿ ಬರುವ ‘ವಾದಿ’ ನಾನೇ ಎಂದು ನಿಮ್ಮ ಗುಮಾಸ್ತರು ಬೆರಳಿಟ್ಟು ತೋರಿಸಬೇಕಾಯಿತು. ದುಡ್ಡು ಕೊಟ್ಟವನಿಗೆ ಆ ಕನ್ನಡ, ಪುಕ್ಕಟೆ ನೋಡುವವರಿಗೆ ಈ ಕನ್ನಡ. ಇರಲಿ.

ಜಾಹೀರಾತು ಮಾಡಿದಿರಿ ಎಂದು ನಾನು ಖಂಡಿತ ದೂರುತ್ತಿಲ್ಲ. ಭಾರತೀಯ ವಕೀಲರ ಪರಿಷತ್ತಿನ 36ನೇ ನಿಯಮ ಅದನ್ನು ನಿಷೇಧಿಸಿದೆ, ಬೋರ್ಡು ಕೂಡ ಮಿತವಾದ ಅಳತೆಯಲ್ಲಿರಬೇಕು ಎಂದಿದೆ. ನಿಮ್ಮ ಬೋರ್ಡು ಹಾಗೇ ಇದೆ, ಪಾಪ. ವೆಬ್‌ಸೈಟಿಗೆ 2008ರಲ್ಲಿ ಅನುಮತಿ ಸಿಕ್ಕಿದ್ದೂ ಹೆಸರು, ವಿಳಾಸ, ಓದು, ಯಾವ ಬಗೆಯ ಕೇಸು ನಡೆಸುತ್ತೀರಿ ಎಂಬಂಥ ನಾಲ್ಕಾರು ವಿವರಗಳಿಗೆ ಮಾತ್ರ. ಅದಕ್ಕೇ ನಿಮ್ಮ ವೆಬ್‌ಸೈಟಿನ ಬಾಗಿಲಲ್ಲಿ, ‘ಇವರು ನನ್ನನ್ನು ಕರೆಯಲಿಲ್ಲ, ನಾನೇ ಬಂದೆ’ ಎಂದು ಒಪ್ಪಿ ಗುಂಡಿ ಒತ್ತಿದರಷ್ಟೇ ಒಳಗೆ ಬಿಡುತ್ತೀರಿ. ಸಿನಿಮಾ ನಟರು, ಇನ್‌ಫ್ಲುಯೆನ್ಸರ್‌ಗಳನ್ನು ಹಿಡಿದು ಪ್ರಚಾರ ಮಾಡಿಸುವ ವಕೀಲರನ್ನು ಪರಿಷತ್ತು 2025ರ ಮಾರ್ಚ್‌ನಲ್ಲಿ ಗದರಿತು. ನಿಮಗದು ಅನ್ವಯಿಸುವುದಿಲ್ಲ. ನೀವು ಯಾವ ನಟನನ್ನೂ ಕರೆಸಿಲ್ಲ, ನೀವೇ ಸಾಕು. ಮಾಡುತ್ತಿರುವುದು ‘ಕಾನೂನು ಅರಿವು’. ಕೋರ್ಟಿನ ಹೊರಗೆ ಸಾರ್ವಜನಿಕವಾಗಿ ಗೌನು ಹಾಕಬಾರದೆಂಬ ನಿಯಮವೂ ಇದೆಯಂತೆ, ಆದರೆ ತಾರಸಿಯ ಗಾಳಿಗೆ ಅದು ಹಾರುವ ಚೆಂದವೇ ಬೇರೆ.

ತಕರಾರು ಬೇರೆಯದು. ಅಮ್ಮ ಮೊದಲೇ ಹೋದಳು, ಅಪ್ಪ 1998ರಲ್ಲಿ. ಉಳಿದದ್ದು ಪಿತ್ರಾರ್ಜಿತ 4 ಎಕರೆ 20 ಗುಂಟೆ, ಮತ್ತು ನಾವು ಮೂವರು: ಅಣ್ಣ, ನಾನು, 1990ರಲ್ಲೇ ಮದುವೆಯಾಗಿ ಹೋದ ಅಕ್ಕ. ಸುಪ್ರೀಂ ಕೋರ್ಟು 2015ರಲ್ಲಿ ನಮ್ಮ ಕರ್ನಾಟಕದ್ದೇ ಆದ ಫೂಲವತಿ ಪ್ರಕರಣದಲ್ಲಿ, ಹೆಣ್ಣುಮಕ್ಕಳಿಗೆ ಪಾಲು ಕೊಡುವ ತಿದ್ದುಪಡಿ ಜಾರಿಯಾದ 2005ರ ಸೆಪ್ಟೆಂಬರ್ 9ಕ್ಕೆ ತಂದೆ ಬದುಕಿದ್ದರಷ್ಟೇ ಮಗಳಿಗೆ ಸಮಪಾಲು ಎಂದಿತು. ಆಗ ನೀವು ನನ್ನ ಬೆನ್ನು ತಟ್ಟಿ, “ನಿಮ್ಮಕ್ಕನಿಗೆ ಅಪ್ಪನ ಪಾಲಿನಲ್ಲಿ ಒಂದು ಚೂರು, 20 ಗುಂಟೆ, ಅಷ್ಟೇ. ನಿಮಗೆ 2 ಎಕರೆ” ಎಂದಿರಿ. ನಾನು ಬೋರ್‌ವೆಲ್ ಹಾಕಿಸುವ ಜಾಗ ಕೂಡ ಗೊತ್ತುಮಾಡಿದ್ದೆ.

2020ರ ಆಗಸ್ಟ್ 11ರಂದು ಅದೇ ಕೋರ್ಟು ವಿನೀತಾ ಶರ್ಮಾ ಪ್ರಕರಣದಲ್ಲಿ ಆ ಮಾತನ್ನು ತಿರುಗಿಸಿತು. ತಂದೆ ಅಂದು ಬದುಕಿರಬೇಕಾಗಿಲ್ಲ, ಹಕ್ಕು ಹುಟ್ಟಿನಿಂದಲೇ. ಅಂದರೆ ಅಕ್ಕನಿಗೂ ನನಗೂ ಸಮಸಮ, 1 ಎಕರೆ 20 ಗುಂಟೆ. ನ್ಯಾಯವೇ, ಅದಕ್ಕೆ ನಾನು ತಕರಾರು ತೆಗೆದರೆ ಅನ್ನ ಹುಟ್ಟುವುದಿಲ್ಲ. ಆದರೆ ಸ್ವಾಮಿ, ಈ ತೀರ್ಪು ಬಂದಮೇಲೂ ಪ್ರತಿ ವಾಯಿದೆಗೆ ಬಂದು ನಿಮ್ಮ ಬಾಗಿಲಲ್ಲಿ ಕೂತಿದ್ದೇನೆ. “ಡೇಟ್ ಆಯ್ತು, ಹೊರಡಿ” ಎಂಬ ಮೂರು ಪದ ಬಿಟ್ಟು ನಿಮ್ಮಿಂದ ಮತ್ತೇನೂ ಕೇಳಿಲ್ಲ. ನನ್ನ ಅರ್ಧ ಎಕರೆ ಹೋದ ಸುದ್ದಿಯನ್ನು ನಿಮ್ಮ ರೀಲಿನಲ್ಲಿ, ಹಿನ್ನೆಲೆಯಲ್ಲಿ ಕೊಳಲು ನುಡಿಯುತ್ತಿರುವಾಗ, ಊರಿನವರೆಲ್ಲರ ಜೊತೆ ನಾನೂ ತಿಳಿದುಕೊಂಡೆ. ಕೆಳಗೆ ಕಾಮೆಂಟಿನಲ್ಲಿ, “ಸರ್, ನನ್ನ ಕೇಸಿಗೂ ಇದು ಬರುತ್ತಾ?” ಎಂದು ಕೇಳಿದೆ. ನೀವು ಕೈಮುಗಿಯುವ ಚಿತ್ರ ಹಾಕಿದಿರಿ.

ಇಷ್ಟು ವರ್ಷ ಕೋರ್ಟಿನತ್ತ ತಲೆಯೇ ಹಾಕದೆ ಎಕ್ಸ್‌ಪಾರ್ಟಿಯಾಗಿದ್ದ ಅಕ್ಕ ಮೊನ್ನೆ ಫೋನ್ ಮಾಡಿದ್ದಳು. ಸಮನ್ಸಿನ ಜೊತೆ ಹೋದ ದಾವೆಯ ಪ್ರತಿಯಲ್ಲಿ ನಿಮ್ಮ ಹೆಸರು, ಸಹಿ ಎರಡೂ ಇದ್ದವು. ಆದರೆ ಅಷ್ಟೊಂದು ಸದರಿಗಳನ್ನು ದಾಟಿ ಕೊನೆಯ ಪುಟಕ್ಕೆ ಅವಳೂ ಹೋಗಿರಲಿಲ್ಲ.

“ಫೋನಲ್ಲಿ ಒಬ್ಬರು ಲಾಯರು ಬರ್ತಾರೆ ಕಣೋ, ಎಷ್ಟು ತಿಳಿಯೋ ಹಂಗೆ ಹೇಳ್ತಾರೆ! ನನ್ನ ಕೇಸಿಗೆ ಅವರನ್ನೇ ಹಿಡಿಯೋಣ ಅಂತಿದೀನಿ. ನಿನಗೇನಾದ್ರೂ ಪರಿಚಯವಾ?”

ಸ್ವಲ್ಪ ಪರಿಚಯ ಎಂದೆ.

ಇಂತಿ ನಿಮ್ಮ ಕಕ್ಷಿದಾರ,
ಯಾನೆ ಫಾಲೋವರ್