ಹಿಂದಿನ ರಾತ್ರಿಯ ದಿಢೀರ್ ತಿಂಡಿ

ಫೋನಿನಲ್ಲಿ ಅಡುಗೆ ಹೇಳಿಕೊಡುವವರ ಬಗ್ಗೆ ನನಗೆ ಅಪಾರ ಗೌರವ. ಅವರ ಮನೆಯಲ್ಲಿ ಈರುಳ್ಳಿ ಹೆಚ್ಚಿಕೊಂಡೇ ಹುಟ್ಟುತ್ತದೆ. ಕೊತ್ತಂಬರಿ ಸೊಪ್ಪಿಗೆ ಬೇರೂ ಇರುವುದಿಲ್ಲ, ಮಣ್ಣೂ ಇರುವುದಿಲ್ಲ. ಸಾಸಿವೆ, ಜೀರಿಗೆ, ಕಡಲೆಬೇಳೆ ಎಲ್ಲವೂ ಪುಟ್ಟ ಗಾಜಿನ ಬಟ್ಟಲುಗಳಲ್ಲಿ, ಶಾಲೆಯ ಪ್ರಾರ್ಥನೆಗೆ ನಿಂತ ಮಕ್ಕಳ ಹಾಗೆ ಸಾಲಾಗಿ ನಿಂತಿರುತ್ತವೆ. ‘ಹತ್ತೇ ನಿಮಿಷ, ಬಿಡುವಿಲ್ಲದ ಮನೆಗೆ ಹೇಳಿಮಾಡಿಸಿದ ತಿಂಡಿ’ ಅನ್ನುತ್ತಾರೆ. ಹತ್ತು ನಿಮಿಷ ಸರಿ. ಆ ಹದಿನಾಲ್ಕು ಬಟ್ಟಲು ತೊಳೆಯುವವರು ಯಾರು, ಯಾವಾಗ ಎನ್ನುವ ವಿಡಿಯೋ ಮಾತ್ರ ಇನ್ನೂ ಬಂದಿಲ್ಲ.

ನಮ್ಮದು ಚಿಕ್ಕಬಳ್ಳಾಪುರ. ಬೆಳಗಾದರೆ ಯಜಮಾನರು ಬೆಂಗಳೂರಿನ ಬಸ್ಸು ಹಿಡಿಯಬೇಕು, ಮಗಳು ಶಾಲೆಯ ವ್ಯಾನ್ ಹತ್ತಬೇಕು, ನಾನು ಊರಾಚೆಯ ಸರ್ಕಾರಿ ಶಾಲೆಯಲ್ಲಿ ಪ್ರಾರ್ಥನೆಗೆ ಮುಂಚೆ ಹಾಜರಿರಬೇಕು. ಮಾವನವರು ಎಲ್ಲಿಗೂ ಹೋಗಬೇಕಾಗಿಲ್ಲ; ಹಾಗಾಗಿ ಅವರಿಗೇ ಎಲ್ಲರಿಗಿಂತ ಅವಸರ. ಅವರ ಹುಟ್ಟೂರು ಮುದ್ದೇನಹಳ್ಳಿಗೆ ಕೂಗಳತೆ. ಸರ್ ಎಂ. ವಿಶ್ವೇಶ್ವರಯ್ಯನವರ ಊರಿನ ಗಾಳಿ ಕುಡಿದವರು ಎಂಬ ಒಂದೇ ಅರ್ಹತೆಯ ಮೇಲೆ ಏಳೂವರೆಗೆ ತಿಂಡಿ ಮೇಜಿನ ಮೇಲಿರಬೇಕೆಂದು ಬಯಸುತ್ತಾರೆ. ಐದು ನಿಮಿಷ ತಡವಾದರೆ ಬಾಯಿಬಿಟ್ಟು ಏನೂ ಅನ್ನುವುದಿಲ್ಲ, ಗೋಡೆ ಗಡಿಯಾರಕ್ಕೆ ಕೀಲಿ ಕೊಡಲು ಏಳುತ್ತಾರೆ. ಅದು ಬ್ಯಾಟರಿ ಗಡಿಯಾರ.

ಇನ್ನು ನಮ್ಮ ಸಂಸಾರದ ಭೂಗೋಳ. ನಾನು ಶಿಡ್ಲಘಟ್ಟದ ಕಡೆಯವಳು, ಅತ್ತೆ ಚಿಂತಾಮಣಿಯವರು, ನಾದಿನಿಯನ್ನು ಗೌರಿಬಿದನೂರಿಗೆ ಕೊಟ್ಟಿದೆ. 2007ರಲ್ಲಿ ಕೋಲಾರದಿಂದ ಬಿಡಿಸಿ ಚಿಕ್ಕಬಳ್ಳಾಪುರ ಜಿಲ್ಲೆ ಮಾಡಿದಾಗ ಸರ್ಕಾರ ಈ ತಾಲ್ಲೂಕುಗಳನ್ನೆಲ್ಲ ಒಂದು ಕಡೆ ಸೇರಿಸಿತು. ನಮ್ಮ ಅಡುಗೆಮನೆ ಇನ್ನೂ ಸೇರಿಸಲು ಒದ್ದಾಡುತ್ತಿದೆ. ‘ಬೇಗ ಆಗುವ ಅಡುಗೆ’ ಯಾವುದು ಅನ್ನುವ ಒಂದೇ ಪ್ರಶ್ನೆಗೆ ಇಲ್ಲಿ ತಾಲ್ಲೂಕಿಗೊಂದು ಉತ್ತರ.

ಮೊದಲು ನನ್ನ ತವರಿನದು. ಬಿಡುವಿಲ್ಲದ ಸಂಸಾರ ಅಂದರೆ ಏನೆಂದು ನೋಡಬೇಕಾದರೆ ಶಿಡ್ಲಘಟ್ಟದ ಕಡೆ ರೇಷ್ಮೆ ಹುಳು ಸಾಕುವ ಮನೆಗೆ, ಹುಳು ನಾಲ್ಕನೇ ಜ್ವರದಿಂದ ಎದ್ದ ವಾರ ಹೋಗಬೇಕು. ಜ್ವರ ಅಂದರೆ ಕಾಯಿಲೆಯಲ್ಲ. ಹುಳು ಸೊಪ್ಪು ಬಿಟ್ಟು, ತಲೆಯೆತ್ತಿಕೊಂಡು ಒಂದು ದಿನ ಧ್ಯಾನಕ್ಕೆ ಕೂತು ಹಳೆಯ ಚರ್ಮ ಕಳಚುತ್ತದೆ. ಹೀಗೆ ನಾಲ್ಕು ಸಲ. ನಾಲ್ಕನೆಯದು ಮುಗಿದು ಎದ್ದಾಗ ಅದಕ್ಕೆ ಬರುವ ಹಸಿವು ನನ್ನ ಮಗಳು ಶಾಲೆಯಿಂದ ಬಂದಾಗ ಬರುವ ಹಸಿವಿಗಿಂತ ಸ್ವಲ್ಪವೇ ಹೆಚ್ಚು. ಜೀವಮಾನದಲ್ಲಿ ತಿನ್ನುವ ಹಿಪ್ಪುನೇರಳೆ ಸೊಪ್ಪಿನಲ್ಲಿ ಶೇ. 80ರಷ್ಟನ್ನು ಕೊನೆಯ ಆ ಆರೇಳು ದಿನಗಳಲ್ಲೇ ತಿಂದು ಮುಗಿಸುತ್ತದೆ. ಬೆಳಿಗ್ಗೆ ಸೊಪ್ಪು, ಮಧ್ಯಾಹ್ನ ಸೊಪ್ಪು, ಸಂಜೆ ಸೊಪ್ಪು, ಮಲಗುವ ಮುಂಚೆ ಸೊಪ್ಪು. ಅದೂ ಬಾಡಿರಬಾರದು, ಒದ್ದೆಯಿರಬಾರದು, ಧೂಳು ಕೂತಿರಬಾರದು. ನಮ್ಮ ತಂದೆ ಮದುವೆ ಮನೆಯ ಊಟದಲ್ಲೂ ಅಷ್ಟು ನಯವಾಗಿ ಯಾರಿಗೂ ಬಡಿಸಿದ್ದನ್ನು ನಾನು ಕಂಡಿಲ್ಲ.

ಹುಳುವಿಗೆ ಈ ಮರ್ಯಾದೆ ನಡೆಯುವಾಗ ಮನುಷ್ಯರು ಏನು ತಿನ್ನುತ್ತಿದ್ದರು? ಹುರಿಹಿಟ್ಟು. ಲೋಟದಲ್ಲಿ ಮಜ್ಜಿಗೆ, ಅದಕ್ಕೆ ಎರಡು ಹಿಡಿ ಹುರಿಹಿಟ್ಟು, ಉಪ್ಪು, ಹಸಿಮೆಣಸಿನಕಾಯಿ, ಈರುಳ್ಳಿ. ನಿಂತಲ್ಲೇ ಕುಡಿದು ಹೊಲಕ್ಕೆ ಓಡುವುದು. ಮಕ್ಕಳಿಗಾದರೆ ಬೆಲ್ಲ, ತೆಂಗಿನ ತುರಿ, ಚೂರು ತುಪ್ಪ ಹಾಕಿ ಉಂಡೆ. ಒಗ್ಗರಣೆ ಬಂದ್. ಘಾಟು ಹುಳುವಿಗೆ ಆಗದು ಎಂದು ಅಜ್ಜಿಯ ಕಟ್ಟಪ್ಪಣೆ. ಆಗ ಹುಳುಮನೆಯೂ ನಾವಿದ್ದ ಮನೆಯೂ ಒಂದೇ. ಈಗಿನ ಹಾಗೆ ಹೊಲದ ಬಳಿ ಬೇರೆ ಶೆಡ್ ಇರಲಿಲ್ಲ. ತಂಬಾಕಿನ ಸೋಂಕು ಹುಳುವಿಗೆ ಆಗದೆಂಬುದು ವಿಜ್ಞಾನವೂ ಒಪ್ಪುವ ಮಾತು, ಹಾಗಾಗಿ ಅಜ್ಜನ ಬೀಡಿ ಬೀದಿಗೆ ಹೋಗುತ್ತಿತ್ತು. ಅದರ ಜೊತೆಗೆ ಸಾಸಿವೆ, ಇಂಗು, ಒಣಮೆಣಸಿನಕಾಯಿಯನ್ನೂ ಅಜ್ಜಿ ಗಡಿಪಾರು ಮಾಡಿದ್ದಳು. ಹುಳು ಹಣ್ಣಾಗಿ, ಗೂಡು ಕಟ್ಟಲು ಚಂದ್ರಿಕೆಗೆ ಹಾಕುವ ದಿನವಂತೂ ನೆಂಟರಿಷ್ಟರು, ಪಕ್ಕದ ಮನೆಯವರು ಎಲ್ಲ ಬಂದು ಹಣ್ಣುಹುಳು ಆರಿಸಬೇಕು. ಅವತ್ತು ಒಲೆ ಹಚ್ಚುವವರೇ ಇಲ್ಲ. ಕಡ್ಲೆಪುರಿಯ ಮೂಟೆ ಬಿಚ್ಚುವುದು, ಬೇಯಿಸಿದ ಕಡಲೆಕಾಯಿ ಸುರಿಯುವುದು, ಅಷ್ಟೇ. ಗೂಡು ಬಿಡಿಸಿ ಶಿಡ್ಲಘಟ್ಟದ ಮಾರುಕಟ್ಟೆಯಲ್ಲಿ ಹರಾಜಾದ ದಿನ ತಂದೆಯ ಕೈಯಲ್ಲಿ ಪೊಟ್ಟಣ ದೊಡ್ಡದಿದ್ದರೆ ರೇಟು ಚೆನ್ನಾಗಿ ಸಿಕ್ಕಿತು ಅಂತ ಲೆಕ್ಕ. ಬರೀ ಖಾರದ ಪೊಟ್ಟಣವಾದರೆ ನಾವು ಏನೂ ಕೇಳುತ್ತಿರಲಿಲ್ಲ.

ಇದನ್ನೆಲ್ಲ ನಾನು ಅತ್ತೆಯವರ ಮುಂದೆ ಹೆಮ್ಮೆಯಿಂದ ಹೇಳಿ, “ನೋಡಿ, ಹುರಿಹಿಟ್ಟು ಎರಡೇ ನಿಮಿಷದ ತಿಂಡಿ” ಅಂದೆ. ಅತ್ತೆಯವರಿಗೆ ಸಮಾಧಾನದಲ್ಲಿದ್ದಾಗ ಕನ್ನಡ, ಸಿಟ್ಟು ಬಂದಾಗ ತೆಲುಗು. ಚಿಂತಾಮಣಿಯಲ್ಲಿ ಇದು ಮಾಮೂಲು. “ಊರಿಕೇ ವಸ್ತುಂದಾ?” ಅಂದರು. ಸುಮ್ಮನೆ ಬರುತ್ತದೇನೇ ಹುರಿಹಿಟ್ಟು? ರಾಗಿ ತೊಳೆದು ಕಲ್ಲು ತೆಗೆದವರು ಯಾರು? ನೀರು ಚಿಮುಕಿಸಿ ರಾತ್ರಿಯೆಲ್ಲ ಹದಕ್ಕೆ ಇಟ್ಟವರು ಯಾರು? ಕಾದ ಬಾಣಲೆಯ ಮುಂದೆ ಕೂತು, ಹಿಡಿ ಹಿಡಿಯಾಗಿ ಹಾಕಿ, ಪಟಪಟ ಅರಳಿಸಿ, ಮುಖ ಕೆಂಪಗೆ ಮಾಡಿಕೊಂಡವರು ಯಾರು? ಆಮೇಲೆ ಬೀಸಿ ಜರಡಿ ಹಿಡಿದವರು? ಎರಡು ದಿನದ ಕೆಲಸಕ್ಕೆ ಎರಡು ನಿಮಿಷ ಅಂತ ಹೆಸರು!

ಇದಕ್ಕೆ ನನ್ನ ಹತ್ತಿರ ಉತ್ತರವಿರಲಿಲ್ಲ. ಈಗಲೂ ಇಲ್ಲ. ಲೋಕದ ದಿಢೀರ್ ತಿಂಡಿಗಳೆಲ್ಲ ಯಾರೋ ಯಾವತ್ತೋ ನಿಧಾನವಾಗಿ ಮಾಡಿಟ್ಟ ಕೆಲಸದ ಬಡ್ಡಿ. ಅಸಲು ಕಟ್ಟಿದವರ ಹೆಸರು ಪೊಟ್ಟಣದ ಮೇಲೆ ಇರುವುದಿಲ್ಲ.

ಅತ್ತೆಯವರ ಪ್ರಕಾರ ನಿಜವಾಗಿ ಬೇಗ ಆಗುವುದು ಟೊಮೇಟೊ ಗೊಜ್ಜು. ಅವರ ತವರು ಟೊಮೇಟೊ ಸೀಮೆ. ಆದರೆ ಆ ಗೊಜ್ಜು ಮಾಡುವುದೋ ಬೇಡವೋ ಎಂಬುದನ್ನು ತೀರ್ಮಾನಿಸುವವರು ನಾವಲ್ಲ, ಮಾರುಕಟ್ಟೆ. ಬೆಲೆ ಬಿದ್ದು ರೈತರು ರಸ್ತೆ ಬದಿಗೆ ಸುರಿಯುವ ಕಾಲದಲ್ಲಿ ತವರಿನಿಂದ ಚೀಲ ಬರುತ್ತದೆ. ಆ ಹದಿನೈದು ದಿನ ನಮ್ಮಲ್ಲಿ ಟೊಮೇಟೊ ಬಾತು, ಟೊಮೇಟೊ ಸಾರು, ಟೊಮೇಟೊ ದೋಸೆ, ಮತ್ತು ಯಜಮಾನರ ಮೌನ. 2023ರ ಜುಲೈನಲ್ಲಿ ಕೋಲಾರದ ಮಾರುಕಟ್ಟೆಯಲ್ಲಿ 15 ಕಿಲೋ ಬಾಕ್ಸಿನ ಬೆಲೆ 2,000 ರೂಪಾಯಿ ದಾಟಿದಾಗ ಅದೇ ತವರಿನವರು ನಮ್ಮ ಫೋನನ್ನೇ ಎತ್ತಲಿಲ್ಲ. ಆ ತಿಂಗಳು ಹುಣಸೆಹಣ್ಣು ನಮ್ಮನ್ನು ಕಾಪಾಡಿತು. ಈರುಳ್ಳಿ, ಹಸಿಮೆಣಸಿನಕಾಯಿಯನ್ನು ಕೆಂಡದ ಮೇಲೆ ಸುಡಬೇಕು. ಕೆಂಡವಿಲ್ಲದವರು ಗ್ಯಾಸಿನ ಉರಿಯ ಮೇಲೆ ಸುಟ್ಟು, ಗ್ಯಾಸ್ ಒರೆಸಬೇಕು. ಅವನ್ನು ಕೈಯಲ್ಲೇ ಹಿಸುಕಿ ಹುಣಸೆ ರಸ, ಉಪ್ಪು, ಬೆಲ್ಲದ ಚೂರು ಸೇರಿಸಿದರೆ ಹಸಿಗೊಜ್ಜು. ಕುದಿಸುವಂತಿಲ್ಲ. ನನ್ನ ಮಟ್ಟಿಗೆ ಇದರ ಮುಂದೆ ಟೊಮೇಟೊ ಗೊಜ್ಜು ಏನೂ ಅಲ್ಲ. ಅತ್ತೆಯವರ ಎದುರು ಈ ಮಾತು ಆಡುವುದಿಲ್ಲ.

ನಾದಿನಿಯ ಪಂಥ ಬೇರೆ. ಗೌರಿಬಿದನೂರು ದಾಟಿದರೆ ಹಿಂದೂಪುರ, ಅಲ್ಲಿಂದ ಆಚೆ ಉಗ್ಗಾಣಿಯ ರಾಜ್ಯ. ಪುರಿಯನ್ನು ನೀರಿನಲ್ಲಿ ಅದ್ದಿ, ಹಿಂಡಿ, ಈರುಳ್ಳಿ ಮೆಣಸಿನಕಾಯಿ ಅರಿಸಿನದ ಒಗ್ಗರಣೆಗೆ ಹಾಕಿ, ಮೇಲೆ ಹುರಿಗಡಲೆ ಪುಡಿ ಉದುರಿಸಿದರೆ ಮುಗಿಯಿತು. ನಿಜಕ್ಕೂ ಹತ್ತು ನಿಮಿಷ. ಯಾಕೆಂದರೆ ಉಳಿದ ಶ್ರಮವನ್ನೆಲ್ಲ ಪುರಿ ಭಟ್ಟಿಯವನು ಬಿಸಿ ಮರಳಿನ ಮುಂದೆ ನಿಂತು ಪಟ್ಟಿರುತ್ತಾನೆ. ಇದರ ಜೊತೆಗೆ ಅವಳ ಕೈಯ ಊರುಬಿಂಡಿ. ಹುರಿದ ಕಡಲೆಕಾಯಿ ಬೀಜ, ಒಣಮೆಣಸಿನಕಾಯಿ, ಬೆಳ್ಳುಳ್ಳಿ, ಹುಣಸೆಹಣ್ಣು, ಉಪ್ಪು. ತರಿತರಿಯಾಗಿರಬೇಕು, ನುಣ್ಣಗಾದರೆ ಅದು ಚಟ್ನಿಯಾಗಿ ಮಾನ ಕಳೆದುಕೊಳ್ಳುತ್ತದೆ. ಅವಳ ಮಿಕ್ಸಿ ಮದುವೆಯಲ್ಲಿ ಬಂದದ್ದು. ಗೌರಿಬಿದನೂರಿನ ಹತ್ತಿರ 1965ರಿಂದ ಭೂಕಂಪ ಅಳೆಯುವ ಕೇಂದ್ರವೊಂದಿದೆ, ಭಾಭಾ ಅಣು ಸಂಶೋಧನಾ ಕೇಂದ್ರದವರದು; ದೂರದೇಶದಲ್ಲಿ ನೆಲದಡಿ ಅಣುಬಾಂಬು ಸಿಡಿಸಿದರೂ ಅಲ್ಲಿ ಗೊತ್ತಾಗುತ್ತದೆ. ಬೆಳಿಗ್ಗೆ ಆರೂಮುಕ್ಕಾಲಿಗೆ ನಾದಿನಿ ಊರುಬಿಂಡಿ ತಿರುವುವುದನ್ನು ಆ ವಿಜ್ಞಾನಿಗಳು ಯಾವ ದೇಶದ ಖಾತೆಗೆ ಬರೆದುಕೊಳ್ಳುತ್ತಿದ್ದಾರೋ ನನಗೆ ಕುತೂಹಲವಿದೆ.

ಬೇಗ ಆಗುವುದರ ಮಾತು ಅವರೆಕಾಯಿ ಕಾಲದಲ್ಲಿ ಮಾತ್ರ ಯಾರೂ ಎತ್ತುವುದಿಲ್ಲ. ಮಾರ್ಗಶಿರದ ಮಂಜು ಬಿದ್ದು ಕಾಯಿಗೆ ಸೊಗಡು ಹತ್ತಿತೆಂದರೆ ಜಿಲ್ಲೆಯ ಜನ ವಿವೇಕ ಕಳೆದುಕೊಳ್ಳುತ್ತಾರೆ. ಅವರೆಕಾಳಿನ ಉಪ್ಪಿಟ್ಟು, ಅವರೆಕಾಳಿನ ರೊಟ್ಟಿ, ಕೊನೆಗೆ ಹಿತಕಿದ ಬೇಳೆ ಸಾರು. ಕಾಯಿ ಸುಲಿದು, ಕಾಳನ್ನು ರಾತ್ರಿ ನೆನೆಹಾಕಿ, ಬೆಳಿಗ್ಗೆ ಒಂದೊಂದೇ ಕಾಳನ್ನು ಹೆಬ್ಬೆರಳು ತೋರುಬೆರಳಿನ ನಡುವೆ ಹಿತುಕಿದರೆ ಬೇಳೆ ಪುಳಕ್ಕನೆ ಹಾರುತ್ತದೆ. ಐದು ಜನರ ಸಾರಿಗೆ ಎಷ್ಟು ಕಾಳು ಹಿತುಕಬೇಕೆಂದು ಲೆಕ್ಕ ಹಾಕಲು ಕೂತರೆ ಯಾರೂ ಈ ಸಾರು ಮಾಡುವುದಿಲ್ಲ. ನಮ್ಮಲ್ಲಿ ಭಾನುವಾರ ಟಿವಿಯ ಮುಂದೆ ಬೇಸಿನ್ ಇಟ್ಟು ಎಲ್ಲರನ್ನೂ ಕೂರಿಸುತ್ತೇನೆ. ಮಗಳು ಬೇಳೆಯನ್ನು ಅಜ್ಜನ ಕನ್ನಡಕಕ್ಕೆ ಗುರಿಯಿಟ್ಟು ಹಾರಿಸುತ್ತಾಳೆ. ಯಜಮಾನರು ಬಾಯಿಗೆ ಗುರಿಯಿಡುತ್ತಾರೆ. ಮಾವನವರು ಎಷ್ಟು ಶಿಸ್ತಿನಿಂದ ಹಿತುಕುತ್ತಾರೆಂದರೆ ಸಿಪ್ಪೆಯನ್ನೂ ಸಾಲಾಗಿ ಜೋಡಿಸುತ್ತಾರೆ, ಕೆಲಸ ಸಾಗುವುದಿಲ್ಲ. ಸಾರು ಒಲೆಯಿಂದ ಇಳಿಯುವಾಗ ಮಧ್ಯಾಹ್ನ ಎರಡೂವರೆ. ಅವತ್ತು ಗಡಿಯಾರಕ್ಕೆ ಕೀಲಿ ಕೊಡಲು ಯಾರೂ ಏಳುವುದಿಲ್ಲ.

ಮಗಳ ಡಬ್ಬಿಯದು ಬೇರೆಯೇ ರಾಜಕೀಯ. ಸಣ್ಣ ವಿರಾಮಕ್ಕೆ ಒಣ ತಿಂಡಿಯೇ ಇರಬೇಕು, ಸಾರು ಚೆಲ್ಲಬಾರದು, ಬೆಳ್ಳುಳ್ಳಿ ನಾರಬಾರದು, ಪಕ್ಕದ ಹುಡುಗಿ ನಗಬಾರದು. ಹುರಿಹಿಟ್ಟಿನ ಉಂಡೆ ಕೊಟ್ಟರೆ ವಾಪಸ್ ಬರುತ್ತಿತ್ತು. 2023ನ್ನು ವಿಶ್ವಸಂಸ್ಥೆ ಸಿರಿಧಾನ್ಯ ವರ್ಷವೆಂದು ಸಾರಿದ ಮೇಲೆ ನಮ್ಮ ಹೊಲದ ರಾಗಿಗೆ ಏಕಾಏಕಿ ಪದವಿ ಬಂತು. ಮಗಳ ಶಾಲೆಯಲ್ಲಿ ಪ್ರದರ್ಶನ ಮಾಡಿದರು. ಅದೇ ಉಂಡೆಗೆ ‘ಮಿಲೆಟ್ ಎನರ್ಜಿ ಬಾಲ್’ ಎಂದು ಚೀಟಿ ಅಂಟಿಸಿ ಇಟ್ಟಳು, ಡಬ್ಬಿ ಖಾಲಿಯಾಗಿ ಬಂತು. ಅತ್ತ ನನ್ನ ಶಾಲೆಯಲ್ಲಿ ಚೀಟಿಯ ಹಂಗಿಲ್ಲ. 2024ರಲ್ಲಿ ಸರ್ಕಾರಿ ಶಾಲೆಗಳಿಗೆ ಹಾಲಿನ ಜೊತೆ ರಾಗಿ ಮಾಲ್ಟ್ ಕೊಡಲು ಶುರುಮಾಡಿದರು; ಮಕ್ಕಳು ಲೋಟದ ತಳಕ್ಕೆ ಬೆರಳು ಹಾಕಿ ನೆಕ್ಕುತ್ತಾರೆ. ಅಲ್ಲಿ ಬೆಳಿಗ್ಗೆ ಏನನ್ನೂ ತಿನ್ನದೆ ಬರುವ ಮಕ್ಕಳಿದ್ದಾರೆ. ಅಪ್ಪ ಅಮ್ಮ ಇಬ್ಬರೂ ನಸುಕಿಗೇ ಹೂವು ಬಿಡಿಸಲು ಹೋಗಿರುತ್ತಾರೆ, ಇಲ್ಲವೇ ಗಾರ್ಮೆಂಟ್ಸ್ ಬಸ್ಸು ಹತ್ತಿರುತ್ತಾರೆ. ಅವರ ಮನೆಗೂ ಹತ್ತು ನಿಮಿಷದ ಅಡುಗೆ ಬೇಕು. ಗಾಜಿನ ಬಟ್ಟಲುಗಳಿಲ್ಲ, ಅಷ್ಟೇ.

ಇಷ್ಟೆಲ್ಲ ವಾದವಾದ ಮೇಲೆ ಗೆಲ್ಲುವುದು ಮುದ್ದೆಯೇ. ನೀರು ಕುದಿಯಬೇಕು, ನಮ್ಮ ಕಡೆಯ ಪದ್ಧತಿಯಂತೆ ಅದರಲ್ಲಿ ಒಂದು ಹಿಡಿ ಅಕ್ಕಿನುಚ್ಚು ಬೇಯಬೇಕು, ಹಿಟ್ಟು ಸುರಿದು ಮುಚ್ಚಿಟ್ಟು, ಕೋಲು ಹಿಡಿದು ಗಂಟಿಲ್ಲದಂತೆ ತಿರುವಬೇಕು. ಬಾಣಲೆ ಬೇಡ, ಎಣ್ಣೆ ಬೇಡ, ಒಗ್ಗರಣೆಯೂ ಬೇಡ. ಪಕ್ಕದಲ್ಲಿ ಹಸಿಗೊಜ್ಜೋ ಊರುಬಿಂಡಿಯೋ ಇದ್ದರೆ ಊಟ ಸಿದ್ಧ. ಅಗಿಯುವಂತೆಯೂ ಇಲ್ಲ, ನುಂಗಬೇಕು. ತಿನ್ನುವುದರಲ್ಲೂ ಇಷ್ಟು ಸಮಯ ಉಳಿಸುವ ಇನ್ನೊಂದು ಆಹಾರ ಯಾವುದಿದೆ ಹೇಳಿ. ತಿರುವುವ ಕೆಲಸವನ್ನು ನಾನು ಯಜಮಾನರಿಗೆ ಒಪ್ಪಿಸಿದ್ದೇನೆ. ತೋಳಿಗೆ ವ್ಯಾಯಾಮ ಅಂತ ಜಿಮ್ಮಿಗೆ ದುಡ್ಡು ಕಟ್ಟುವ ಮಾತೆತ್ತಿದ್ದರು. ಈಗ ಎತ್ತುವುದಿಲ್ಲ.

ನೀವು ಈ ಕಡೆ ನಂದಿಬೆಟ್ಟಕ್ಕೋ ಈಶಾದ ಆದಿಯೋಗಿಗೋ ಬಂದವರು ಹಾಗೇ ನಮ್ಮ ಮನೆಗೂ ಬನ್ನಿ, ಬೇಡ ಅನ್ನುವುದಿಲ್ಲ. ಫೋನ್ ಮಾಡಿಯೇ ಬನ್ನಿ. ಅವರೆಕಾಯಿ ಕಾಲವಾದರೆ ಹಿಂದಿನ ರಾತ್ರಿಯೇ ಬಂದು, ಕಾಳು ನೆನೆಹಾಕಿ ಮಲಗಿ.