ಬೆನ್ನಿನ ಬಾಗೂ ಪುಕ್ಕಟೆ ಉಪದೇಶವೂ

ಬೆನ್ನು ನೆಟ್ಟಗಿರಲಿ ಎಂದು ಮಕ್ಕಳನ್ನು ಗದರಿಸುವ ಹಿರಿಯರು ಗಮನಿಸದೆ ಬಿಟ್ಟ ಸಂಗತಿಯೆಂದರೆ, ಮನುಷ್ಯನ ಬೆನ್ನೆಲುಬು ನೆಟ್ಟಗಿರುವಂಥದ್ದೇ ಅಲ್ಲ. ಪಕ್ಕೆಲುಬುಗಳನ್ನು ಹೊತ್ತ ಎದೆಭಾಗದ ಹನ್ನೆರಡು ಕಶೇರುಕಗಳು, ಅಂದರೆ ಬೆನ್ನೆಲುಬಿನ ಬಿಡಿಮೂಳೆಗಳು, ಹಿಂದಕ್ಕೆ ಉಬ್ಬಿದ ಬಿಲ್ಲಿನಂತೆ ಜೋಡಣೆಗೊಂಡಿದ್ದು, ಈ ಬಾಗನ್ನು ಮಗು ತಾಯಿಯ ಹೊಟ್ಟೆಯಿಂದಲೇ ತಂದಿರುತ್ತದೆ. ಸುಮಾರು 20ರಿಂದ 45 ಡಿಗ್ರಿಯವರೆಗಿನ ಬಾಗನ್ನು ವೈದ್ಯರು ಸಹಜವೆಂದು ಒಪ್ಪಿ, ಅದನ್ನು ಮೀರಿದ್ದನ್ನು ಕೈಫೋಸಿಸ್ ಎನ್ನುತ್ತಾರೆ. ಜನರ ಬಾಯಲ್ಲಿ ಅದು ಗೂನು. ಪಕ್ಕದಿಂದ ತೆಗೆದ ಎಕ್ಸ್‌ರೇಯಲ್ಲಿ ಬಾಗಿನ ಮೇಲಿನ ಮತ್ತು ಕೆಳಗಿನ ಕಶೇರುಕಗಳ ಅಂಚಿಗೆ ಗೆರೆಯೆಳೆದು ಅಳೆಯುವ ಈ ಕೋನಕ್ಕೆ ಅಮೆರಿಕದ ಮೂಳೆವೈದ್ಯ ಜಾನ್ ಕಾಬ್‌ನ ಹೆಸರಿದೆ. ಸೋದರತ್ತೆಯರಿಗೆ ಇಷ್ಟೆಲ್ಲ ಸಲಕರಣೆ ಬೇಕಿಲ್ಲ. ಮದುವೆಮನೆಯ ಪಂಕ್ತಿಯ ಆ ತುದಿಯಿಂದಲೇ ಅಳೆದು, ಸಾರು ಬಡಿಸುವಷ್ಟರಲ್ಲಿ ತೀರ್ಪು ಕೊಡುತ್ತಾರೆ.

ತೊಂದರೆಯೆಂದರೆ ಎಲ್ಲ ಗೂನಿಗೂ ಕಾರಣ ಒಂದೇ ಅಲ್ಲ. ಮೊಬೈಲಿನ ಮೇಲೆ ಬಗ್ಗಿ ಕೂತು ಬಂದ ಬಾಗು ಗದರಿಕೆಗೆ ಕೊಂಚ ಮಣಿಯಬಹುದು, ಆದರೆ ಗದರಿಸುವವರೂ ಸಾಮಾನ್ಯವಾಗಿ ಅದೇ ಭಂಗಿಯಲ್ಲಿ ಕೂತು ಗದರಿಸುತ್ತಿರುತ್ತಾರೆ. ಡೆನ್ಮಾರ್ಕಿನ ಹೋಲ್ಗರ್ ಶಾಯರ್‌ಮನ್ ಗುರುತಿಸಿದ ಕಾಯಿಲೆಯಲ್ಲಿ ಮಾತ್ರ, ಬೆಳೆಯುವ ವಯಸ್ಸಿನಲ್ಲಿ ಕಶೇರುಕದ ಮುಂಭಾಗ ಹಿಂಭಾಗದಷ್ಟು ಎತ್ತರ ಬೆಳೆಯದೆ ಮೂಳೆಯೇ ಬೆಣೆಯ ಆಕಾರ ತಾಳುವುದರಿಂದ, ಹುಡುಗ ಮನಸ್ಸು ಮಾಡಿದರೂ ಬೆನ್ನು ನೆಟ್ಟಗಾಗುವುದಿಲ್ಲ. ಬೆನ್ನೆಲುಬಿನ ಕ್ಷಯವೂ ಗೂನು ತರಬಲ್ಲದು. ಮೂಳೆ ಸವೆದ ಅಜ್ಜಿಯರಲ್ಲಿ ಕಶೇರುಕಗಳ ಮುಂಭಾಗ ಸದ್ದಿಲ್ಲದೆ ಕುಸಿಯುತ್ತದೆ, ಮನೆಯವರು ಅದಕ್ಕೆ ವಯಸ್ಸನ್ನು ದೂರಿ ಸುಮ್ಮನಾಗುತ್ತಾರೆ.

ಗೂನಿನ ಚಿಕಿತ್ಸೆಗೆ ಭಾಗವತದಲ್ಲೊಂದು ಪ್ರಸಂಗವಿದೆ. ಕಂಸನಿಗೆ ಗಂಧ ತೇಯುತ್ತಿದ್ದ ಕುಬ್ಜೆಯ ಪಾದಗಳನ್ನು ಕೃಷ್ಣನು ತನ್ನ ಪಾದಗಳಿಂದ ಒತ್ತಿಹಿಡಿದು, ಎರಡು ಬೆರಳಿನಿಂದ ಗಲ್ಲವನ್ನೆತ್ತಿದೊಡನೆ ಆಕೆ ನೆಟ್ಟಗಾದಳು. ಬ್ರೇಸ್ ಇಲ್ಲ, ಫಿಸಿಯೋಥೆರಪಿ ಇಲ್ಲ, ಮುಂದಿನ ವಾರ ಬನ್ನಿ ಎಂಬ ಮಾತೂ ಇಲ್ಲ. ಕೃಷ್ಣನಲ್ಲದವರು ಈ ವಿಧಾನವನ್ನು ಪ್ರಯೋಗಿಸದಿರುವುದು ಲೇಸು.

ಆದಕಾರಣ ಉಪದೇಶಕರಲ್ಲಿ ಒಂದು ವಿನಂತಿ: ಬಾಯಿ ತೆರೆಯುವ ಮುನ್ನ ಮಗುವನ್ನು ಚಾಪೆಯ ಮೇಲೆ ಅಂಗಾತ ಮಲಗಿಸಿ ನೋಡಬೇಕು. ಬಾಗು ಮಾಯವಾದರೆ ಉಪದೇಶವನ್ನು ಯಥಾಪ್ರಕಾರ ಮುಂದುವರಿಸಬಹುದು. ಮಾಯವಾಗದಿದ್ದರೆ ಬಾಯಿ ಮುಚ್ಚಿಕೊಂಡು ಮೂಳೆವೈದ್ಯರಲ್ಲಿಗೆ ಕರೆದೊಯ್ಯಬೇಕು, ಹೋಗುವಾಗ ಅಜ್ಜಿಯನ್ನೂ ಜೊತೆಗೆ ಕರೆದೊಯ್ಯಬೇಕು.